‘ಎಡಕ್ಕ ಅಂದ್ರ ಯಾರ ಎಡಕ್ಕ ಸರ್?’: ರೀಸನಿಂಗ್ ಪಜಲ್ ಅಭ್ಯಾಸ ಮಾಡುವುದು ಹೇಗೆ

ನೌಕರಿ ಪರೀಕ್ಷೆಗಳಿಗೆ ರೀಸನಿಂಗ್, ಅಂದರೆ ತರ್ಕದ ಪ್ರಶ್ನೆಗಳನ್ನು, ಕಲಿಸುವ ಕಲಬುರಗಿಯ ನಮ್ಮ ಸಂಜೆ ಕ್ಲಾಸಿಗೆ ಬರುವ ಪ್ರತಿ ಹೊಸ ಬ್ಯಾಚಿನಲ್ಲೂ ಮೊದಲ ವಾರ ಯಾರಾದರೊಬ್ಬರು ತಲೆಬರಹದ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳಿದವರ ಬಗ್ಗೆ ನನಗೆ ಚಿಂತೆಯಿಲ್ಲ. ಕೇಳದೆ, ಪೆನ್ನು ಮುಟ್ಟದೆ, ಚಾವಣಿ ನೋಡುತ್ತ ಪಜಲ್ಲನ್ನು ತಲೆಯಲ್ಲೇ ತಿರುಗಿಸುವವರದೇ ಚಿಂತೆ. “ಮನಸ್ಸಿನ್ಯಾಗ ಮಾಡೀನಿ ಸರ್” ಅನ್ನುತ್ತಾರೆ. ಉತ್ತರ ನೋಡಿದರೆ ತಪ್ಪಾಗಿರುತ್ತದೆ. ಎಲ್ಲಿ ತಪ್ಪಿತು ಅಂತ ಹುಡುಕೋಣವೆಂದರೆ ಹಾಳೆಯ ಮೇಲೆ ಒಂದು ಗೀಟೂ ಇಲ್ಲ.

ಮೊದಲು ನಿಮ್ಮ ಪರೀಕ್ಷೆ ಯಾವುದು ಅಂತ ನೋಡಿಕೊಳ್ಳಿ. ಕೆಎಎಸ್ ಪ್ರಿಲಿಮ್ಸ್‌ನ (ಪೂರ್ವಭಾವಿ ಪರೀಕ್ಷೆಯ) ಎರಡನೇ ಪತ್ರಿಕೆಯ 100 ಪ್ರಶ್ನೆಗಳಲ್ಲಿ 30 ಮೆಂಟಲ್ ಎಬಿಲಿಟಿಯವು, ಲೆಕ್ಕವೂ ಅದರಲ್ಲೇ ಸೇರಿರುತ್ತದೆ. ಕೇಂದ್ರ ಸರ್ಕಾರದ ನೌಕರಿಗೆ ಪದವೀಧರರು ಬರೆಯುವ ಎಸ್‌ಎಸ್‌ಸಿ ಸಿಜಿಎಲ್‌ನ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ರೀಸನಿಂಗ್ 25. ಬ್ಯಾಂಕ್ ಅಧಿಕಾರಿ ಹುದ್ದೆಯ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್‌ಗೆ 20 ನಿಮಿಷ, 35 ಪ್ರಶ್ನೆ, ಬಹುಪಾಲು ಪಜಲ್ ಮತ್ತು ಸೀಟಿಂಗ್ ಅರೇಂಜ್‌ಮೆಂಟ್ (ಯಾರು ಎಲ್ಲಿ ಕೂತಿದ್ದಾರೆ ಅಂತ ಹುಡುಕುವುದು). ಸಿಜಿಎಲ್ ಬರೆಯುವ ಹುಡುಗ ದಿನವಿಡೀ ಎಂಟು ಜನರನ್ನು ದುಂಡು ಮೇಜಿಗೆ ಕೂರಿಸುತ್ತ, ಸರಣಿ ಮತ್ತು ಸಂಕೇತ ಭಾಷೆಯ (ಕೋಡಿಂಗ್) ಪ್ರಶ್ನೆಗಳನ್ನು ಮರೆತರೆ ಶ್ರಮ ದಂಡ.

ಮೊದಲ ಹದಿನೈದು ದಿನ ಗಡಿಯಾರ ಬೇಡ. ಮೊಬೈಲ್ ಟೈಮರ್ ಅಂತೂ ಬೇಡವೇ ಬೇಡ. ದಿನಕ್ಕೆ ನಾಲ್ಕೇ ಪಜಲ್ ಮಾಡಿ, ಆದರೆ ಪೂರ್ತಿ ಹಾಳೆಯ ಮೇಲೆ ಮಾಡಿ. ಒಂದನ್ನು ಇಲ್ಲಿಯೇ ಬಿಡಿಸೋಣ.

ನಮ್ಮ ಜಿಲ್ಲೆಯ ಆರು ತಾಲ್ಲೂಕಿನ ಆರು ಹುಡುಗರು ಖಾನಾವಳಿಯಲ್ಲಿ ದುಂಡು ಮೇಜಿನ ಸುತ್ತ, ಮೇಜಿನ ಕಡೆ ಮುಖ ಮಾಡಿ ಊಟಕ್ಕೆ ಕೂತಿದ್ದಾರೆ: ಸೇಡಂ, ಚಿಂಚೋಳಿ, ಚಿತ್ತಾಪುರ, ಆಳಂದ, ಅಫಜಲಪುರ, ಜೇವರ್ಗಿ. ಜೇವರ್ಗಿಯವನು ಆಳಂದದವನ ಪಕ್ಕ ಇಲ್ಲ. ಚಿಂಚೋಳಿಯವನ ಬಲಕ್ಕೆ ತಾಗಿದಂತೆ ಅಫಜಲಪುರದವನಿದ್ದಾನೆ. ಸೇಡಂನವನು ಚಿಂಚೋಳಿಯವನ ಎದುರಿಗೆ. ಆಳಂದದವನು ಸೇಡಂನವನ ಬಲಕ್ಕೆ ಎರಡನೆಯವನು. ಸೇಡಂನವನ ಎಡಕ್ಕೆ ತಾಗಿ ಕೂತವನು ಯಾರು?

ಬರೆಯುವ ಮುಂಚೆ ಒಂದು ಮಾತು. ಇಂಗ್ಲಿಷಿನ ಎ, ಬಿ, ಸಿ ಅಭ್ಯಾಸವಾದವರು ಕನ್ನಡದಲ್ಲಿ ಒಂದೊಂದೇ ಅಕ್ಷರ ಬರೆಯಲು ಹೋಗಿ ಮುಗ್ಗರಿಸುತ್ತಾರೆ. ಇಲ್ಲಿ ‘ಚಿಂ’, ‘ಚಿ’ ಎರಡೂ ಇವೆ; ಸೊನ್ನೆ ಬಿಟ್ಟುಹೋಯಿತೋ, ಪಜಲ್ಲೇ ಹೋಯಿತು. ‘ಆ’, ‘ಅ’ ಕೂಡ ಹಾಗೆಯೇ. ‘ಚಿತ್ತಾ’, ‘ಅಫ’ ಅಂತ ಎರಡಕ್ಷರ ಬರೆದುಕೊಳ್ಳಿ.

ಈಗ ಮೊದಲ ಸುಳಿವಿನಿಂದ ಶುರು ಮಾಡಬೇಡಿ. ‘ಪಕ್ಕ ಇಲ್ಲ’ ಎಂಬ ಸುಳಿವು ಯಾರನ್ನೂ ಕೂರಿಸುವುದಿಲ್ಲ. ಅದಕ್ಕೊಂದು ಸೊನ್ನೆ ಸುತ್ತಿ ಕಡೆಗೆ ಇಟ್ಟುಕೊಳ್ಳಿ. ಎರಡು ಸುಳಿವಿನಲ್ಲಿ ಬರುವ ಹೆಸರನ್ನು ಹುಡುಕಿ, ಎದುರುಬದುರು ಸುಳಿವಿದ್ದರೆ ಇನ್ನೂ ಒಳ್ಳೆಯದು. ಸೇಡಂನವನನ್ನು ಕೆಳಗೆ, ನಿಮ್ಮ ಹೊಟ್ಟೆಯ ಹತ್ತಿರ ಕೂರಿಸಿ. ಅವನ ಬಲ, ನಿಮ್ಮ ಬಲ ಒಂದೇ ಆಗುತ್ತದೆ. ಎದುರಿಗೆ, ಮೇಲೆ, ಚಿಂಚೋಳಿ. ಸೇಡಂನಿಂದ ಬಲಕ್ಕೆ ಎರಡನೇ ಕುರ್ಚಿ, ಅಂದರೆ ಹಾಳೆಯ ಬಲಗಡೆ ಮೇಲಿನದು, ಆಳಂದಕ್ಕೆ.

ಚಿಂಚೋಳಿಯವನ ಬಲಕ್ಕೆ ಅಫಜಲಪುರ ಅನ್ನುವಾಗಲೇ ಅರ್ಧ ಕ್ಲಾಸು ಜಾರುವುದು. ಕೈ ತಾನಾಗಿ ಹಾಳೆಯ ಬಲಕ್ಕೆ ಹೋಗುತ್ತದೆ. ಅಲ್ಲಿ ಆಗಲೇ ಆಳಂದದವನು ರೊಟ್ಟಿ ಮುರಿಯುತ್ತ ಕೂತಿದ್ದಾನೆ! ಒಂದೇ ಕುರ್ಚಿಗೆ ಇಬ್ಬರಾದರೆ ಪಜಲ್ ತಪ್ಪಿದೆ ಅಂದುಕೊಳ್ಳಬೇಡಿ, ನೀವು ಹಾಳೆ ತಿರುಗಿಸಲಿಲ್ಲ ಅಷ್ಟೇ. ಮೇಲೆ ಕೂತವನು ನಿಮ್ಮ ಕಡೆ ಮುಖ ಮಾಡಿದ್ದಾನೆ, ಅವನ ಬಲಗೈ ಹಾಳೆಯ ಎಡಕ್ಕಿದೆ. ಆರಂಭದಲ್ಲಿ ಹಾಳೆಯನ್ನು ನಿಜವಾಗಿಯೇ ತಿರುಗಿಸಿ ನೋಡಿ, ನಾಚಿಕೆ ಬೇಡ. ಆಮೇಲೆ ಒಂದೇ ಸೂತ್ರ ಸಾಕು: ಒಳಮುಖವಾಗಿ ಕೂತಿದ್ದರೆ ಎಲ್ಲರ ಬಲವೂ ಗಡಿಯಾರದ ಮುಳ್ಳಿಗೆ ವಿರುದ್ಧ, ಎಡ ಮುಳ್ಳಿನ ಜೊತೆ. ಹೊರಮುಖವಾದರೆ ಉಲ್ಟಾ.

ಉಳಿದದ್ದು ಎರಡು ಕುರ್ಚಿ, ಸೇಡಂನವನ ಅಕ್ಕಪಕ್ಕದವು. ಬಲಗಡೆಯದು ಆಳಂದಕ್ಕೆ ತಾಗಿದೆ. ಈಗ ಸೊನ್ನೆ ಸುತ್ತಿದ ಸುಳಿವು ಕೆಲಸಕ್ಕೆ ಬಂತು: ಜೇವರ್ಗಿಯವನು ಅಲ್ಲಿ ಕೂರುವಂತಿಲ್ಲ, ಎಡಕ್ಕೇ ಹೋಗಬೇಕು. ಉತ್ತರ ಜೇವರ್ಗಿ. ಸುಳಿವೇ ಇಲ್ಲದ ಚಿತ್ತಾಪುರದವನಿಗೆ ಉಳಿದ ಕುರ್ಚಿ.

ಬಿಡಿಸಿದ ಮೇಲೆ ಪುಟ ತಿರುವಬೇಡಿ. ಮಾಡಿದ ಪಜಲ್ಲನ್ನೇ ಮೂರು ದಿನ ಬಿಟ್ಟು, ಹಳೆಯ ಚಿತ್ರ ನೋಡದೆ ಮತ್ತೆ ಮಾಡಿ. ಜೊತೆಗೆ ನಲವತ್ತು ಪುಟದ ಒಂದು ತಪ್ಪಿನ ನೋಟ್‌ಬುಕ್ ಇಡಿ. ಅದರಲ್ಲಿ ಪಜಲ್ ಬರೆಯುವುದು ಬೇಡ, ತಪ್ಪಿದ್ದೇಕೆ ಅಂತ ಒಂದು ಸಾಲು ಸಾಕು: ‘ನಡುವೆ ಮೂವರು ಅನ್ನುವುದನ್ನು ಮೂರನೆಯವನು ಅಂದುಕೊಂಡೆ.’ ಕಳೆದ ಬ್ಯಾಚಿನ ಒಬ್ಬಾಕೆಯ ನೋಟ್‌ಬುಕ್ಕಿನಲ್ಲಿ ಇದೇ ಸಾಲು ಹನ್ನೊಂದು ಸಲ ಇತ್ತು. ಹನ್ನೆರಡನೇ ಸಲ ಬರೆಯಲಿಲ್ಲ.

ರಕ್ತಸಂಬಂಧದ ಪ್ರಶ್ನೆಗಳಲ್ಲಿ ನಮ್ಮ ಮನೆಮಾತೇ ಕೈಕೊಡುತ್ತದೆ. ಮಾವ ಅಂದರೆ ತಾಯಿಯ ತಮ್ಮನೋ, ಗಂಡನ ತಂದೆಯೋ? ಅತ್ತೆ ಅಂದರೆ ತಂದೆಯ ತಂಗಿಯೋ, ಹೆಂಡತಿಯ ತಾಯಿಯೋ? ಅಕ್ಕನ ಮಗಳನ್ನೇ ತಂದುಕೊಳ್ಳುವ ಮನೆಗಳಲ್ಲಂತೂ ಸೋದರಮಾವನೇ ಗಂಡ. ಪ್ರಶ್ನೆಪತ್ರಿಕೆಗೆ ಇದೆಲ್ಲ ಗೊತ್ತಿಲ್ಲ. ಸಂಬಂಧದ ಹೆಸರು ಬಿಟ್ಟು ವಂಶವೃಕ್ಷ ಬರೆಯಿರಿ: ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಮದುವೆಗೆ ಜೋಡಿಗೀಟು, ಮಕ್ಕಳು ಕೆಳಸಾಲಿಗೆ. ಕನ್ನಡ ವಾಕ್ಯ ಎರಡರ್ಥ ಕೊಟ್ಟರೆ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಓದಿಬಿಡಿ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪ್ರಿಲಿಮ್ಸ್ ಅನುವಾದದ ತಪ್ಪುಗಳಿಂದಾಗಿಯೇ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತಲ್ಲ.

ಹೇಳಿಕೆ-ತೀರ್ಮಾನದಲ್ಲಿ ನಮಗೆ ಗೊತ್ತಿರುವ ಲೋಕವೇ ತೊಡಕು. ‘ಎಲ್ಲ ತೊಗರಿಯೂ ಬೇಳೆ. ಕೆಲವು ಬೇಳೆ ದುಬಾರಿ. ಆದ್ದರಿಂದ ಕೆಲವು ತೊಗರಿ ದುಬಾರಿ.’ ತೊಗರಿ ಬೆಳೆಯುವ ಮನೆಯ ಮಗ ಕಣ್ಣುಮುಚ್ಚಿ ‘ಸರಿ’ ಅನ್ನುತ್ತಾನೆ. ಆದರೆ ದುಬಾರಿಯಾದದ್ದು ಹೆಸರುಬೇಳೆಯೂ ಇರಬಹುದಲ್ಲ? ವೃತ್ತ ಬರೆದು ನೋಡಿ: ದುಬಾರಿಯ ವೃತ್ತ ತೊಗರಿಯನ್ನು ಮುಟ್ಟದೆಯೂ ಬೇಳೆಯನ್ನು ಮುಟ್ಟಬಲ್ಲದು. ತೀರ್ಮಾನ ನಿಲ್ಲುವುದಿಲ್ಲ. ದಿಕ್ಕಿನ ಪ್ರಶ್ನೆಗಳಿಗೆ ನಮ್ಮೂರಿನ ಅಪ್ಪನ ಕೆರೆಯ ಸುತ್ತ ಎರಡು ದಿನ ಬೆಳಗಿನ ವಾಕಿಂಗ್ ಸಾಕು. ಸೂರ್ಯ ಹುಟ್ಟುವಾಗ ನೆರಳು ಪಶ್ಚಿಮಕ್ಕೆ ಅನ್ನುವುದು ಕಾಲಿಗೇ ಕಲಿತುಹೋಗುತ್ತದೆ.

ಹದಿನೈದು ದಿನ ಕಳೆದ ಮೇಲೆ ಗಡಿಯಾರ ತನ್ನಿ. ಮೊದಲು ಒಂದು ಸೆಟ್ಟಿಗೆ, ಅಂದರೆ ಒಂದು ಪಜಲ್ ಮತ್ತು ಅದರ ಪ್ರಶ್ನೆಗಳಿಗೆ, ಹತ್ತು ನಿಮಿಷ, ಆಮೇಲೆ ಏಳು, ಆಮೇಲೆ ಐದು. ವಾರಕ್ಕೊಂದು ಪೂರ್ತಿ ಮಾಕ್ ಟೆಸ್ಟನ್ನು ಪರೀಕ್ಷೆ ನಡೆಯುವ ಹೊತ್ತಿಗೇ ಬರೆಯಿರಿ. ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಹೋದ ಕೋಣೆಯಲ್ಲಿ ತಲೆ ಓಡುವ ರೀತಿಯೇ ಬೇರೆ.

ಪರೀಕ್ಷೆಯ ಕೋಣೆಯಲ್ಲಿ ಒಂದೂವರೆ ನಿಮಿಷದೊಳಗೆ ಒಬ್ಬನಾದರೂ ಕುರ್ಚಿಗೆ ಅಂಟಿಕೊಳ್ಳದಿದ್ದರೆ ಆ ಸೆಟ್ ಬಿಟ್ಟು ಮುಂದೆ ಹೋಗಿ. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ ಇರುವ ಬ್ಯಾಂಕ್ ಪರೀಕ್ಷೆಯಲ್ಲಿ ಕುರುಡಾಗಿ ಊಹಿಸಿದರೆ ಸರಾಸರಿ ಲಾಭ ಸೊನ್ನೆ. ಚಿತ್ರ ಅರ್ಧ ತುಂಬಿ, ಎರಡು ಆಯ್ಕೆ ಹೊಡೆದುಹಾಕಿದ್ದರೆ ಮಾತ್ರ ಉಳಿದ ಮೂರರಲ್ಲಿ ಒಂದನ್ನು ಧೈರ್ಯವಾಗಿ ಆರಿಸಿ.