ಸಹಿಗಿಂತ ಮೊದಲು ಗೆರೆ: ಪಿಕಾಸೋ ಎಚ್ಚಿಂಗ್ ಪರೀಕ್ಷಿಸಿದ ನನ್ನ ಅನುಭವ

ಧಾರವಾಡದಲ್ಲಿ ನನ್ನದೊಂದು ಎಚ್ಚಿಂಗ್ ಪ್ರೆಸ್ ಇದೆ; ಎಚ್ಚಿಂಗ್ ಅಂದರೆ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ಹಾಕುವ ಚಿತ್ರ. ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದುವುದು, ಗೆರೆಗಳಿಗೆ ಶಾಯಿ ತುಂಬಿ ಒರೆಸುವುದು ದಿನದ ಕೆಲಸ. ಮುಂಬೈ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಸಂಗ್ರಾಹಕರಿಗೆ ಪಿಕಾಸೋನ ‘ವೊಲಾರ್ ಸರಣಿ’ಯ ಹಾಳೆಯೊಂದನ್ನು ತಂದು ತೋರಿಸಿದಾಗ ಆ ಸಂಗ್ರಾಹಕರು ನನ್ನನ್ನು ಕರೆಸಿದ್ದು ಅದಕ್ಕೇ. ಶಿಲ್ಪಿ ಮತ್ತು ಅವನ ರೂಪದರ್ಶಿ ಇದ್ದ ಚಿತ್ರ.

“ಸರ, ಇದರ ಮ್ಯಾಲೆ ಸಹೀನ ಇಲ್ಲಲ್ರೀ. ಖರೇದ್ದ ಇರತದೇನ್ರೀ?”

“ಸಹಿ ಕಡೀಕ ನೋಡೂಣ್ರಿ. ಮೊದಲ ಫ್ರೇಮ್ ಬಿಚ್ಚಸ್ರಿ,” ಅಂದೆ. ಗಾಜಿನ ಹಿಂದಿರುವ ಎಚ್ಚಿಂಗ್ ಬಗ್ಗೆ ನಾನು ಅಭಿಪ್ರಾಯ ಹೇಳುವುದೇ ಇಲ್ಲ.

ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟೆ. ಎಚ್ಚಿಂಗಿನಲ್ಲಿ ಶಾಯಿ ನಿಲ್ಲುವುದು ತಗಡಿನ ಮೇಲ್ಮೈಯಲ್ಲಲ್ಲ, ಆಮ್ಲ ಕೊರೆದ ಗೆರೆಯೊಳಗೆ. ಪ್ರೆಸ್ಸಿನ ಒತ್ತಡಕ್ಕೆ ಒದ್ದೆ ಕಾಗದ ಆ ಗೆರೆಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಹೀಗಾಗಿ ಒಣಗಿದ ಮೇಲೂ ಗೆರೆ ಕೊಂಚ ಉಬ್ಬಿಯೇ ಇರುತ್ತದೆ. ಇಲ್ಲಿ ಉಬ್ಬಿತ್ತು. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗೂ ಇತ್ತು. ಆದರೆ ಆ ತಗ್ಗೊಂದನ್ನೇ ನಂಬುವಂತಿಲ್ಲ. ಪುಸ್ತಕ, ಪೋಸ್ಟರ್ ಮುದ್ರಿಸುವ ಆಫ್‌ಸೆಟ್ ಯಂತ್ರದ ಪ್ರತಿಯ ಮೇಲೆ ಖಾಲಿ ತಗಡು ಒತ್ತಿದರೂ ಅದು ಮೂಡುತ್ತದೆ. ಭೂತಗನ್ನಡಿ ಹಿಡಿದೆ. ಆಫ್‌ಸೆಟ್ಟಿನ ಚುಕ್ಕಿ ಎಲ್ಲೂ ಇಲ್ಲ. ತುಂಬು ಕಪ್ಪು, ಅಂಚಿನಲ್ಲಿ ಆಮ್ಲ ತಿಂದ ಸಣ್ಣ ಒರಟು. ಎಂಥ ಗೆರೆ ಅದು! ಭುಜದಿಂದ ಸೊಂಟದವರೆಗೆ ಒಂದೇ ಉಸಿರಿನಲ್ಲಿ ಎಳೆದದ್ದು, ಎಲ್ಲಿಯೂ ತಡವರಿಸಿಲ್ಲ. ಕೆಲಸ ಮರೆತು ನೋಡುತ್ತ ನಿಂತೆ.

ಬೆಳಕಿಗೆ ಎತ್ತಿ ಹಿಡಿದಾಗ ಕಾಗದದೊಳಗೆ ‘ವೊಲಾರ್’ ಎಂಬ ವಾಟರ್‌ಮಾರ್ಕ್, ಅಂದರೆ ಕಾಗದ ತಯಾರಿಸುವಾಗಲೇ ಮೂಡಿಸಿದ ಗುರುತು, ಕಂಡಿತು. ಕೆಲವು ಹಾಳೆಗಳಲ್ಲಿ ‘ಪಿಕಾಸೋ’ ಎಂದಿರುತ್ತದೆ.

ಇನ್ನು ಸಹಿಯ ಮಾತು. ಕಲಾ ವ್ಯಾಪಾರಿ ಆಂಬ್ರ್ವಾಜ್ ವೊಲಾರ್‌ಗಾಗಿ ಪಿಕಾಸೋ 1930ರಿಂದ 1937ರ ನಡುವೆ ಮಾಡಿದ 100 ತಗಡುಗಳ ಸರಣಿಯಿದು. ಅಚ್ಚು ಹಾಕಿದವರು ಪ್ಯಾರಿಸ್ಸಿನ ರೋಜೇ ಲಾಕೂರಿಯೇರ್: ಒಂದೊಂದು ತಗಡಿನಿಂದ ಸಣ್ಣ ಅಂಚಿನವು 260 ಪ್ರತಿ, ದೊಡ್ಡ ಅಂಚಿನವು 50, ಚರ್ಮದ ಹಾಳೆಯ ಮೇಲೆ 3. 1939ರಲ್ಲಿ ವೊಲಾರ್ ಅಪಘಾತದಲ್ಲಿ ತೀರಿಕೊಂಡರು. ಪ್ರತಿಗಳು ಆನ್ರಿ ಪೆತಿಯೆ ಎಂಬ ವ್ಯಾಪಾರಿಯ ಕೈಸೇರಿದವು. ಪಿಕಾಸೋ ಅನೇಕಕ್ಕೆ ಪೆನ್ಸಿಲ್ ಸಹಿ ಹಾಕಿದ್ದು ಆಮೇಲೆ, ವರ್ಷಗಳ ಕಾಲ, ಒಂದಿಷ್ಟೊಂದಿಷ್ಟಾಗಿ. ಹಾಗಾಗಿ ಸಹಿಯಿಲ್ಲದ ಅಸಲಿ ಹಾಳೆಗಳು ಇದ್ದೇ ಇವೆ. ಸಹಿಯಿದ್ದರೆ ಬೆಲೆ ಏರುತ್ತದೆ. ಖೋಟಾ ಮಾಡಲು ಅತ್ಯಂತ ಸುಲಭವಾದದ್ದೂ ಅದೇ ಪೆನ್ಸಿಲ್ ಗೀಟು. ಗೆರೆಗೆ ಹಣ ಕೊಡಿ, ಪೆನ್ಸಿಲ್ಲಿಗಲ್ಲ ಎಂದು ಸಂಗ್ರಾಹಕರಿಗೆ ಹೇಳಿದೆ.

ದೋಷವಿದ್ದದ್ದು ಬೇರೆಡೆ. ಫ್ರೇಮಿನೊಳಗೆ ಚಿತ್ರಕ್ಕೆ ಆಸರೆಯಾಗಿಟ್ಟ ಹಳೆಯ ಅಗ್ಗದ ರಟ್ಟಿನ (ಮೌಂಟ್ ಬೋರ್ಡ್) ಆಮ್ಲ ತಾಗಿ ಅಂಚಿನಲ್ಲಿ ಹಳದಿ ಪಟ್ಟಿ ಬಂದಿತ್ತು, ಹಿಂದೆ ಕಂದು ಟೇಪ್ ಅಂಟಿತ್ತು. ಅಂಚನ್ನು ಮಾತ್ರ ಯಾರೂ ಕತ್ತರಿಸಿರಲಿಲ್ಲ. ಪಟ್ಟಿ ತೋರಿಸಿ ಬೆಲೆ ಇಳಿಸಿಕೊಂಡೆವು. ಬ್ಲೀಚ್ ಮಾಡಿಸಿ ಕೊಡುತ್ತೇನೆಂದು ಮುಂಬೈ ವ್ಯಾಪಾರಿ ಮುಂದೆ ಬಂದರು. ಬೇಡವೇ ಬೇಡ ಎಂದೆ. ಕಾಗದದ ಕಸುವು ಹೋಗುತ್ತದೆ. ಟೇಪನ್ನು ಕಾಗದ ಸಂರಕ್ಷಕರಿಂದಲೇ ತೆಗೆಸಿ, ಹತ್ತಿಯ ಬೋರ್ಡಿಗೆ ಜಪಾನಿ ಕಾಗದದ ಪಟ್ಟಿ ಮತ್ತು ಗೋಧಿ ಅಂಟಿನಿಂದ ತೂಗುಹಾಕಿಸಿದೆವು. ನಮ್ಮ ಕಡೆಯ ಜಿಟಿಜಿಟಿ ಮಳೆಗೆ ಹೊರಗೋಡೆ ತೇವ ಹೀರುತ್ತದಲ್ಲ, ಅದಕ್ಕೆ ಚಿತ್ರವೀಗ ಅವರ ಮನೆಯ ಒಳಗೋಡೆಯಲ್ಲಿದೆ.