ನಿರಂತರ ಗುರುತ್ವ ಅಲೆಗಳ ಹುಡುಕಾಟ: ಸೂಕ್ಷ್ಮತೆ ಹೆಚ್ಚಿಸುವ ಬಗೆ

ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತ, ಪ್ರಾಜೆಕ್ಟಿಗೆ ನಿರಂತರ ಗುರುತ್ವ ಅಲೆಗಳ, ಅಂದರೆ ಎಡೆಬಿಡದೆ ಹೊಮ್ಮುವ ದೇಶಕಾಲದ ಕಂಪನಗಳ, ಹುಡುಕಾಟವನ್ನು ಆರಿಸಿಕೊಂಡವರಿಗೆ ಅಮೆರಿಕದ ಗುರುತ್ವ ಅಲೆ ಪತ್ತೆಕಾರಿ ಲೈಗೋದ ದತ್ತಾಂಶವೂ ಇಂಥ ಹುಡುಕಾಟಕ್ಕೆಂದೇ ಇರುವ ಪೈಎಫ್‌ಸ್ಟಾಟ್ ತಂತ್ರಾಂಶವೂ ಉಚಿತವಾಗಿ ಸಿಗುತ್ತವೆ. ಸಾಲದೆ ಬರುವುದು ಕಂಪ್ಯೂಟರಿನ ಶಕ್ತಿ. ಅದನ್ನು ಎಲ್ಲಿ ವ್ಯಯಿಸಬೇಕೆಂಬ ತೀರ್ಮಾನದ ಮೇಲೆಯೇ ಹುಡುಕಾಟದ ಸೂಕ್ಷ್ಮತೆ, ಅಂದರೆ ಎಷ್ಟು ಕ್ಷೀಣ ಅಲೆಯನ್ನು ಹಿಡಿಯಬಲ್ಲೆವು ಎಂಬುದು, ನಿಂತಿದೆ.

ಮೈ ತುಸು ಉಬ್ಬಿರುವ ನ್ಯೂಟ್ರಾನ್ ನಕ್ಷತ್ರವು (ಸತ್ತ ನಕ್ಷತ್ರದ ಅತಿ ಸಾಂದ್ರ ತಿರುಳು) ತಾನು ತಿರುಗುವ ಆವರ್ತನದ ಎರಡರಷ್ಟರಲ್ಲಿ ಅಲೆ ಹೊಮ್ಮಿಸುತ್ತದೆ. ಅಲೆ ತೀರ ಕ್ಷೀಣವಾದ್ದರಿಂದ ತಿಂಗಳುಗಟ್ಟಲೆಯ ದತ್ತಾಂಶವನ್ನು ಕೂಡಿಸಬೇಕಾಗುತ್ತದೆ. ಅಲೆಯ ಹಂತ, ಅಂದರೆ ಏರಿಳಿತದಲ್ಲಿ ಅದಿರುವ ಸ್ಥಾನ, ಕೆಡದಂತೆ ಎಲ್ಲವನ್ನೂ ಕೂಡಿಸಿದರೆ ಸೂಕ್ಷ್ಮತೆ ಅವಧಿಯ ವರ್ಗಮೂಲದಂತೆ ಏರುತ್ತದೆ. ತುಂಡುಗಳಾಗಿ ಒಡೆದು ಪ್ರತಿ ತುಂಡಿನ ಶಕ್ತಿಯನ್ನಷ್ಟೇ ಕೂಡಿಸಿದರೆ, 16 ಪಟ್ಟು ತುಂಡುಗಳು ಸೇರಿದಾಗ ಸೂಕ್ಷ್ಮತೆ ಕೇವಲ ಎರಡು ಪಟ್ಟಾಗುತ್ತದೆ. ಸ್ಥಾನವೂ ಆವರ್ತನವೂ ತಿಳಿದಿರುವ ಪಲ್ಸಾರ್‌ಗೆ (ಮಿಡಿತಗಳಾಗಿ ಕಾಣುವ ನ್ಯೂಟ್ರಾನ್ ನಕ್ಷತ್ರಕ್ಕೆ) ಮೊದಲ ದಾರಿಯೇ ಸರಿ. ಇಡೀ ಆಕಾಶವನ್ನು ಹುಡುಕುವವರು ಮಾತ್ರ ಎರಡನೆಯದನ್ನು ಹಿಡಿಯಬೇಕು, ಏಕೆಂದರೆ ತುಂಡಿನ ಅವಧಿ ಹೆಚ್ಚಿದಂತೆ ಪರೀಕ್ಷಿಸಬೇಕಾದ ಮಾದರಿಗಳು (ಸ್ಥಾನ, ಆವರ್ತನಗಳ ಊಹೆಗೊಂದರಂತೆ ಲೆಕ್ಕ ಹಾಕಿದ ಅಲೆಗಳು) ಅದರ ಹಲವು ಘಾತಗಳಲ್ಲಿ ಬೆಳೆಯುತ್ತವೆ. ಚಿಕ್ಕ ತುಂಡುಗಳಿಂದ ಜರಡಿ ಹಿಡಿದು, ಉಳಿದ ಅಭ್ಯರ್ಥಿಗಳನ್ನಷ್ಟೇ ಉದ್ದ ತುಂಡುಗಳಲ್ಲಿ ಮತ್ತೆ ಪರೀಕ್ಷಿಸಿರಿ.

ಅದಕ್ಕೂ ಮೊದಲು ಉಪಕರಣದ ಗೆರೆಗಳನ್ನು, ಅಂದರೆ ಪತ್ತೆಕಾರಿಯೇ ಒಂದೊಂದು ಆವರ್ತನದಲ್ಲಿ ಹುಟ್ಟಿಸುವ ಗದ್ದಲವನ್ನು, ತೆಗೆಯುವುದು ಅಗತ್ಯ, ಮತ್ತು ನನ್ನ ಮಟ್ಟಿಗೆ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಇಲ್ಲಿಯೇ. ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುವುದರಿಂದ 100 ಹರ್ಟ್ಸ್‌ನ ನಿಜವಾದ ಸಂಕೇತವು ವರ್ಷದಲ್ಲಿ ಆಚೀಚೆ ಸುಮಾರು 0.01 ಹರ್ಟ್ಸ್‌ವರೆಗೆ ಸರಿಯಬಲ್ಲದು. ದತ್ತಾಂಶವನ್ನು ಆವರ್ತನಗಳಾಗಿ ಬಿಡಿಸುವ 1800 ಸೆಕೆಂಡಿನ ಫೂರಿಯರ್ ತುಂಡುಗಳಲ್ಲಿ ಇದು ಒಂದೊಂದು ಬದಿಗೆ ಸುಮಾರು 18 ಕೋಶಗಳು (ಒಂದು ಕೋಶವೆಂದರೆ 1/1800 ಹರ್ಟ್ಸ್). ಉಪಕರಣದ ಗೆರೆ ಹೆಚ್ಚಾಗಿ ಒಂದೇ ಕೋಶದಲ್ಲಿ ನಿಲ್ಲುತ್ತದೆ, ಹಲವು ಬಾರಿ ಲೈಗೋದ ಪತ್ತೆಕಾರಿಗಳಿರುವ ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್ ಎರಡರಲ್ಲಿ ಒಂದರಲ್ಲಷ್ಟೇ ಕಾಣುತ್ತದೆ. ಕ್ರ್ಯಾಬ್ ಪಲ್ಸಾರ್‌ನ ಅಲೆ ಸುಮಾರು 59 ಹರ್ಟ್ಸ್‌ನಲ್ಲಿ, ಅಂದರೆ ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನ ಪಕ್ಕದಲ್ಲೇ, ಬರಬೇಕು. ಬೀದರ್‌ನಿಂದ ನಾಂದೇಡ್ ದಾಟಿದರೆ ಸಿಗುವ ಹಿಂಗೋಲಿ ಜಿಲ್ಲೆಯ ಲೈಗೋ-ಇಂಡಿಯಾ ಕೆಲಸ ಆರಂಭಿಸಿದಾಗ, ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ, ಕ್ರ್ಯಾಬ್ ಅಲೆಯ ಆಸುಪಾಸಿನ ಆವರ್ತನಗಳು ಅಲ್ಲಿ ಅಮೆರಿಕಕ್ಕಿಂತ ತಿಳಿಯಾಗಿರುವ ನಿರೀಕ್ಷೆಯಿದೆ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ವಾರದ ಗಣನೆ ವ್ಯರ್ಥವಾಗದಂತೆ, 0.1 ಹರ್ಟ್ಸ್ ಅಗಲದ ಆವರ್ತನ ಪಟ್ಟಿಗೊಂದು ಫೈಲಿನಂತೆ ಫಲಿತಾಂಶವನ್ನು ಉಳಿಸುತ್ತ ಹೋಗಿರಿ.

ಸೂಕ್ಷ್ಮತೆ ನಿಜವಾಗಿ ಹೆಚ್ಚಿದೆಯೇ ಎಂಬುದನ್ನು ಕೃತಕ ಸಂಕೇತಗಳಿಂದಲೇ ಅಳೆಯಬೇಕು. ದತ್ತಾಂಶವು ಮಾದರಿಗೆ ಎಷ್ಟು ಹೊಂದುತ್ತದೆಂದು ಪೈಎಫ್‌ಸ್ಟಾಟ್ ಕೊಡುವ ಅಂಕವೇ 2ಎಫ್; ಶುದ್ಧ ಗದ್ದಲದಲ್ಲಿ ಅದರ ಸರಾಸರಿ 4 ಬರುತ್ತದೆ. ಬಂದಿಲ್ಲವೆಂದರೆ ಗದ್ದಲದ ಅಂದಾಜನ್ನೂ ಉಳಿದ ಗೆರೆಗಳನ್ನೂ ಮೊದಲು ಪರಿಶೀಲಿಸಿರಿ. ಬಳಿಕ ದತ್ತಾಂಶಕ್ಕೆ ನೂರಾರು ಕೃತಕ ಸಂಕೇತಗಳನ್ನು ಬೆರೆಸಿ, ಅವುಗಳ ಬಲವನ್ನು ಮೆಲ್ಲಗೆ ಇಳಿಸುತ್ತ, ನೂರಕ್ಕೆ 95 ಸಂಕೇತಗಳು ಪತ್ತೆಯಾಗುವ ಕನಿಷ್ಠ ಬಲವನ್ನು ಗುರುತಿಸಿರಿ.