ಕೂಲರ್ ಸದ್ದು, ಎರಡು ಪಾಳಿ ನಿದ್ದೆ

ನನ್ನ ಮಗನಿಗೆ ಈಗ ಏಳು ವರ್ಷ. ಆಟಿಸಂ ಇದೆ ಅಂತ ಗೊತ್ತಾದಾಗ ಮೂರೂವರೆ. ಅಲ್ಲಿಯವರೆಗೂ ಮನೆಯವರೆಲ್ಲ "ಗಂಡು ಹುಡುಗರು ತಡಾ ಮಾಡೇ ಮಾತಾಡ್ತಾವ, ಯಾಕ ಅಂಜತೀ" ಅನ್ನುತ್ತಿದ್ದರು. ಇರಲಿ, ಇದು ಅವನ ಕಥೆಯಲ್ಲ. ನನ್ನ ದಣಿವಿನದು.

ರಾತ್ರಿ ಹನ್ನೊಂದೂವರೆಗೆ ಮಲಗಿದರೆ ಎರಡೂವರೆಗೆ ಎದ್ದುಬಿಡುತ್ತಿದ್ದ. ಆಮೇಲೆ ಬೆಳಗಾಗುವ ತನಕ ಮಂಚದ ಮೇಲೆ ಕುಣಿತ. ಅವನು ಎದ್ದರೆ ನಾನೂ ಎದ್ದ ಹಾಗೆ. ಬೆಳಿಗ್ಗೆ ನಮ್ಮವರ ಆಫೀಸಿನ ಡಬ್ಬಿ, ನಂತರ ಥೆರಪಿ, ಮನೆಗೆ ಬಂದು ಮತ್ತೆ ಅದೇ ಅಭ್ಯಾಸ. ಹೀಗೆ ಎರಡು ವರ್ಷ. ಸುಮ್ನೆ ಸುಮ್ನೆ ಅಳು ಬರುತ್ತಿತ್ತು, ಮಗನ ಮೇಲೆ ಕೂಗಾಡುತ್ತಿದ್ದೆ. ತಾಯಿಯಾಗುವ ಯೋಗ್ಯತೆಯೇ ನನಗಿಲ್ಲ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಹತ್ತಿತು. ಹತ್ತು ನಿಮಿಷ ಇರಬಹುದು. ಎಚ್ಚರಾದಾಗ ಬಾಗಿಲು ತೆರೆದಿತ್ತು, ಮಗ ಇರಲಿಲ್ಲ. ನಮ್ಮ ಮನೆಯಿಂದ ರಿಂಗ್ ರೋಡಿಗೆ ಎರಡೇ ಓಣಿ. ಹೆಸರು ಕೂಗಿದರೆ ತಿರುಗಿ ನೋಡುವ ಹುಡುಗನಲ್ಲ ಅವನು. ಕೊನೆಗೆ ಹಿಟ್ಟಿನ ಗಿರಣಿ ಮುಂದೆ ಸಿಕ್ಕಿದ. ಬೆಲ್ಟ್ ತಿರುಗುವುದನ್ನು ನೋಡುತ್ತ ಖುಷಿಯಾಗಿ ನಿಂತಿದ್ದ. ಅವತ್ತು ಸಂಜೆಯೇ ಬಾಗಿಲಿಗೆ ಅವನ ಕೈ ಎಟುಕದಷ್ಟು ಮೇಲೆ ಚಿಲಕ ಹಾಕಿಸಿದೆವು.

ದಾರಿ ಸಿಕ್ಕಿದ್ದು ನಮ್ಮ ಕಲಬುರಗಿ ಬಿಸಿಲಿನಿಂದ, ನಂಬಿ. ಏಪ್ರಿಲ್, ಮೇನಲ್ಲಿ ಈ ಕಡೆ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ನಮ್ಮವರು ಎರಡಕ್ಕೆಲ್ಲ ಮನೆಯಲ್ಲಿರುತ್ತಿದ್ದರು. ಊಟ ಮಾಡಿ ಮಗನನ್ನು ಕರೆದುಕೊಂಡು ಒಂದು ಕೋಣೆ ಸೇರುತ್ತಿದ್ದರು, ನಾನು ಇನ್ನೊಂದರಲ್ಲಿ ಮಲಗುತ್ತಿದ್ದೆ. ದಿನಕ್ಕೆ ಎರಡು ತಾಸು. ಹದಿನೈದು ದಿನಕ್ಕೆ ನನ್ನ ಸಿಟ್ಟು ಅರ್ಧ ಇಳಿದಿತ್ತು. ನಾನು ಇಷ್ಟು ದಿನ ಯೋಗ್ಯತೆ ಅಂತ ಅಳೆಯುತ್ತಿದ್ದದ್ದು ಬರೀ ನಿದ್ದೆಯನ್ನು.

ಜೂನ್‌ನಲ್ಲಿ ಆಫೀಸು ಮತ್ತೆ ಸಂಜೆಯವರೆಗೆ ಆಯಿತು. ಆಗ ರಾತ್ರಿಯನ್ನೇ ಎರಡು ಪಾಳಿ ಮಾಡಿದೆವು. ಒಂಬತ್ತೂವರೆಯಿಂದ ಎರಡರವರೆಗೆ ಅವರದು, ಅಲ್ಲಿಂದ ಬೆಳಗಿನವರೆಗೆ ನನ್ನದು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಮೊದಲ ವಾರ ಮಗ ಅತ್ತರೆ ಸಾಕು, ನಾನು ಎದ್ದು ಓಡುತ್ತಿದ್ದೆ. "ನನ್ನ ಪಾಳಿಯೊಳಗ ನೀ ಬರಬ್ಯಾಡ" ಅಂತ ಒಂದು ದಿನ ರೇಗಿದರು. ಸರಿಯಾಗೇ ರೇಗಿದರು. ಅಪ್ಪನಿಗೂ ಅವನು ಸುಮ್ಮನಾಗುತ್ತಾನೆ ಅನ್ನುವುದನ್ನು ನಾನು ಒಪ್ಪಿರಲೇ ಇಲ್ಲ.

ಇನ್ನೊಂದು ಗಮನಿಸಿದೆವು. ಬೇಸಿಗೆಯಲ್ಲಿ ಅವನು ಜಾಸ್ತಿ ಮಲಗುತ್ತಿದ್ದ. ಕೂಲರಿನ ಭರ್ರೋ ಸದ್ದಿನಲ್ಲಿ ಹೊರಗಿನ ನಾಯಿ, ಆಟೋ ಏನೂ ಕೇಳುವುದಿಲ್ಲ, ಅಲ್ವಾ? ಕರೆಂಟ್ ಹೋದರೆ ಮಾತ್ರ ಮುಗಿಯಿತು. ಸಾಲ ಮಾಡಿ ಇನ್ವರ್ಟರ್ ತಂದೆವು. ಈಗ ಡಿಸೆಂಬರಿನಲ್ಲೂ ನೀರು ಹಾಕದೆ, ಗೋಡೆ ಕಡೆ ಮುಖ ತಿರುಗಿಸಿ ಕೂಲರ್ ಓಡಿಸುತ್ತೇವೆ. ನೋಡಿದವರು ನಗುತ್ತಾರೆ. ನಗಲಿ. ಅವನು ನಾಲ್ಕರವರೆಗೆ ಏಳುವುದಿಲ್ಲ.

ಕೆಲವನ್ನು ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಥೆರಪಿಗೆ ಹೈದರಾಬಾದಿಗೆ ಹೋಗುತ್ತಿದ್ದೆವು. ಹೋಗಿ ಬರಲು ಒಂದು ದಿನ, ಇಬ್ಬರೂ ಸುಧಾರಿಸಿಕೊಳ್ಳಲು ಎರಡು ದಿನ. ಈಗ ಊರಲ್ಲೇ, ವಾರಕ್ಕೆ ಎರಡು ಸಲ. ರೊಟ್ಟಿ ಬಡಿಯುವುದನ್ನೂ ಬಿಟ್ಟೆ. ಆ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಓಣಿಯಲ್ಲಿ ಒಬ್ಬರು ರೊಟ್ಟಿ ಮಾಡಿ ಮಾರುತ್ತಾರೆ, ಅವರಲ್ಲಿ ತರುತ್ತೇನೆ. "ಮನ್ಯಾಗ ರೊಟ್ಟಿ ಬಡೀಲಾರದ ಹೆಣ್ಣು" ಅಂತ ಅತ್ತೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ಅವರೇ ಹಳ್ಳಿಯಿಂದ ಖಡಕ್ ರೊಟ್ಟಿ ಕಟ್ಟಿ ಕಳಿಸತೊಡಗಿದರು.

ಕಾಗದಪತ್ರದ ಓಡಾಟವೂ ಸುಸ್ತೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಅದರ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಂಡರೆ ನಿರಾಮಯ ಅನ್ನುವ ಸರ್ಕಾರಿ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ಚಿಕಿತ್ಸೆ ಖರ್ಚಿಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನಾನು ಒಂದೊಂದು ಝೆರಾಕ್ಸ್‌ಗಾಗಿ ನಾಲ್ಕು ಸಲ ತಿರುಗಿದೆ. ನೀವು ಎಲ್ಲದರ ಹತ್ತು ಹತ್ತು ಪ್ರತಿ ತೆಗೆಸಿ ಒಂದೇ ಫೈಲಿನಲ್ಲಿಡಿ.

ಈಗ ಭಾನುವಾರ ಸಂಜೆ ಒಂದು ತಾಸು ನಾನೊಬ್ಬಳೇ ಶರಣಬಸವೇಶ್ವರ ಕೆರೆ ಕಡೆ ಹೋಗುತ್ತೇನೆ. ಮೊದಮೊದಲು ಎರಡು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದೆ. ಹೋದ ವಾರ ಮಿರ್ಚಿ ತಿಂದು ಮುಗಿಸುವ ತನಕ ಫೋನ್ ನೆನಪೇ ಆಗಲಿಲ್ಲ. ಅವರಿಂದ ಬಂದದ್ದು ಒಂದೇ ಕರೆ. "ಕೂಲರಿನ ಉದ್ದ ವೈರ್ ಎಲ್ಲಿಟ್ಟೀದಿ?"